ಹರಳಿನ ಗವಿಯಲ್ಲಿ ಅವರಿಗೆ ಕೇಳಿಸಿದ್ದು

ಕಲ್ಲು ಕಂಡರೆ ನೆಕ್ಕಿ ನೋಡುವುದು ನನ್ನ ಚಟ. ನಗುವವರು ಈಗಲೇ ನಕ್ಕುಬಿಡಿ, ಮುಂದೆ ನಗುವ ಸಂಗತಿ ಕಡಿಮೆ. ಮೊನ್ನೆ ಶಹಾಪುರದ ಬಸ್‌ಸ್ಟ್ಯಾಂಡಿನ ಹಿಂದೆ ರಸ್ತೆಗೆಂದು ಸುರಿದ ಜಲ್ಲಿಯಲ್ಲಿ ಒಂದು ಕೆಂಪು ಚೂರು ಕಣ್ಣಿಗೆ ಬಿತ್ತು. ಸೆರಗಿನಲ್ಲಿ ಒರೆಸಿ ನಾಲಿಗೆಗೆ ತಾಗಿಸಿದೆ. ಪಕ್ಕದಲ್ಲಿ ನಿಂತಿದ್ದ ಹೆಣ್ಣುಮಗಳು ತನ್ನ ಕೂಸಿನ ಮುಖವನ್ನು ಆಚೆ ತಿರುಗಿಸಿಕೊಂಡು ನಾಲ್ಕು ಹೆಜ್ಜೆ ಸರಿದಳು. ಯಾದಗಿರಿಯಲ್ಲಿರುವ ನನ್ನ ಮಗಳು ಗೌರಿಗೆ ಈ ಸುದ್ದಿ ಯಾರು ಮುಟ್ಟಿಸಿದರೋ, ಸಂಜೆಗೆಲ್ಲ ಫೋನು ಬಂತು.

“ಅವ್ವಾ, ಅರವತ್ತರ ಹತ್ರ ಬಂದಿ. ಇನ್ನಾದ್ರೂ ಬೀದ್ಯಾಗ ಕಲ್ಲು ನೆಕ್ಕೋದು ಬಿಡು. ಮಂದಿ ಏನಂತಾರ?”

ಮಂದಿಗೇನು ಗೊತ್ತು. ಕಲ್ಲಿನ ನಿಜವಾದ ಬಣ್ಣ ಅದು ಒದ್ದೆಯಾದಾಗಲೇ ತಿಳಿಯುವುದು, ಹೋದ ಕಡೆಯೆಲ್ಲ ನೀರು ಇರುವುದಿಲ್ಲ. ನನಗೆ ಅನ್ನ ಕೊಟ್ಟದ್ದೇ ಈ ನಾಲಿಗೆ. ನಾನು ಕಲ್ಲು ಮಾರುವವಳು. ಮನೆ ಕಟ್ಟುವ ಕಲ್ಲಲ್ಲ, ನೆಲಕ್ಕೆ ಹಾಸುವ ಫರಸಿಯೂ ಅಲ್ಲ. ಬಾವಿ ತೋಡುವಾಗ ಕರಿಕಲ್ಲಿನ ಹೊಟ್ಟೆಯೊಳಗೆ ಸಿಗುವ ಹರಳು, ಹಳ್ಳದ ದಂಡೆಯಲ್ಲಿ ಸಿಗುವ ಪಟ್ಟೆಪಟ್ಟೆಯ ಅಕೀಕು, ಗುರುಮಠಕಲ್ ಕಡೆಯ ಹೊಲಗಳಲ್ಲಿ ಬಿದ್ದಿರುವ, ಯಾವ ಕಾಲದಲ್ಲೋ ಸತ್ತು ಕಲ್ಲಾದ ಬಸವನಹುಳುಗಳು. ದೂರದ ಊರುಗಳಲ್ಲಿ ಇವನ್ನು ಗಾಜಿನ ಕಪಾಟಿನಲ್ಲಿಟ್ಟು ನೋಡುವ ಜನ ಇದ್ದಾರಂತೆ. ಅಂಥ ಒಬ್ಬರನ್ನೂ ನಾನು ಕಂಡಿಲ್ಲ. ಸುರಪುರದಲ್ಲಿ ಹುಟ್ಟಿ, ಎಸ್ಸೆಸ್ಸೆಲ್ಸಿಯವರೆಗೆ ಓದಿ, ಶಹಾಪುರಕ್ಕೆ ಸೊಸೆಯಾಗಿ ಬಂದ ನೀಲಮ್ಮನನ್ನು ಅವರೂ ಕಂಡಿಲ್ಲ.

ಈ ಧಂದೆಗೆ ನಾನು ಬಂದದ್ದು ಬಸುರಿನ ಬಯಕೆಯಿಂದ. ಗೌರಿ ಹೊಟ್ಟೆಯಲ್ಲಿದ್ದಾಗ ಮಣ್ಣು ಕಂಡರೆ ಸಾಕು, ಬಾಯಲ್ಲಿ ನೀರೂರುತ್ತಿತ್ತು. ಒಲೆಯ ಕಟ್ಟೆ ಕೆರೆದು ತಿಂದೆ, ಸುಣ್ಣ ಬಳಿದ ಗೋಡೆ ನೆಕ್ಕಿದೆ. ಅತ್ತೆ ಎರಡು ಸಲ ಬೈದು, ಮೂರನೇ ಸಲ ತಾವೇ ಒಂದು ಹಿಡಿ ಕೆಮ್ಮಣ್ಣು ತಂದುಕೊಟ್ಟರು. ನಮ್ಮ ಮನೆಯವರು ಬಾವಿ ತೋಡುವ ಗ್ಯಾಂಗಿನಲ್ಲಿ ಕಲ್ಲು ಸಿಡಿಸುವ ಮದ್ದು ಹಾಕುವವರು. ಅವರ ಹೆಸರು ಸಿದ್ಧಣ್ಣ. ಬಾಯಿಬಿಟ್ಟು ಹೇಳುವುದಿಲ್ಲ, ಬರೆಯಲು ಅಡ್ಡಿಯಿಲ್ಲ. ನಾನು ಅವರ ಜೊತೆಗೇ ಬಾವಿಯಿಂದ ಬಾವಿಗೆ ಹೋಗಿ ಕಲ್ಲಿನ ಬುಟ್ಟಿ ಹೊರುತ್ತಿದ್ದೆ. ಒಂದು ದಿನ ಭೀಮಾ ನದಿಯ ಕಡೆಯ ಬಾವಿಯೊಂದರ ಮೇಲ್ಮಣ್ಣಿನಲ್ಲಿ ಬಿಳಿಯ ಚೂರು ಸಿಕ್ಕಿತು. ಮಣ್ಣಿನ ಆಸೆಗೆ ನಾಲಿಗೆ ಇಟ್ಟೆ. ನಾಲಿಗೆ ಅಂಟಿಕೊಂಡಿತು. ಎಳೆದರೂ ಬಿಡಲಿಲ್ಲ. ಒಳಗಿನಿಂದ ಯಾರೋ ಹೀರುತ್ತಿರುವ ಹಾಗೆ.

ಅದೇ ಹೊತ್ತಿಗೆ ಟ್ರಂಕು ಹಿಡಿದುಕೊಂಡು ಬಂದ ಒಬ್ಬ ಗಡ್ಡದ ಸಾಹೇಬರು ನನ್ನ ಅವಸ್ಥೆ ನೋಡುತ್ತ ನಿಂತರು. ಹೈದರಾಬಾದಿನ ಗಫೂರ್ ಭಾಯಿ. ಬಾವಿಬಾವಿಗೆ ತಿರುಗಿ ಹರಳು ಕೊಳ್ಳುವವರು.

“ಯಾಕಮ್ಮಾ, ನಾಷ್ಟಾ ಮಾಡಿಲ್ಲೇನು?” ಎಂದು ನಕ್ಕರು. ನಾನು ತೊದಲಿದ್ದು ನೋಡಿ ಅವರ ನಗು ನಿಂತಿತು. “ಅಂಟೈತೇನು? ಹಂಗಾದ್ರ ಅದು ಕಲ್ಲಲ್ಲ, ಹಡ್ಡಿ. ಎಲುಬು. ಕಲ್ಲು ನಾಲಿಗೀ ಹಿಡಿಯಂಗಿಲ್ಲ.”

ಮನುಷ್ಯರು ಈ ಸೀಮೆಗೆ ಬರುವ ಮೊದಲೇ ಸತ್ತ ಯಾವುದೋ ಪ್ರಾಣಿಯ ಎಲುಬು ಅದು. ನಾಲಿಗೆ ಬಿಡಿಸಿಕೊಂಡಾಗ ಚಿಟ್ಟೆಂದು ಸದ್ದಾಯಿತು. ಆ ರಾತ್ರಿ ಊಟ ಸೇರಲಿಲ್ಲ, ಆದರೆ ಮರುದಿನವೇ ಮತ್ತೊಂದು ಚೂರು ಹುಡುಕಿದೆ. ಗೌರಿ ಹುಟ್ಟಿದ ಮೇಲೆ ಮಣ್ಣಿನ ಬಯಕೆ ಹೋಯಿತು, ಕಲ್ಲಿನದು ಉಳಿಯಿತು.

ಗಫೂರ್ ಭಾಯಿ ಹರಳುಗಳಿಗೆ ಇಂಗ್ಲಿಷಿನ ಉದ್ದುದ್ದ ಹೆಸರು ಹೇಳುತ್ತಿದ್ದರು. ನನ್ನ ಬಾಯಿಗೆ ಅವು ಹೊಂದಲಿಲ್ಲ. ನನ್ನವು ಬೇರೆ: ತೆಳ್ಳಗೆ ಪದರಪದರವಾಗಿರುವುದು ಅವಲಕ್ಕಿ, ಚೌಕಾಗಿ ಹೊಳೆಯುವುದು ಕಲ್ಲಸಕ್ರಿ, ಬೆಳ್ಳಗೆ ಕೂದಲಿನಂತೆ ಮೂಡಿರುವುದು ಹತ್ತಿ. ಹತ್ತಿಯನ್ನು ಮಾತ್ರ ಮುಟ್ಟಬಾರದು. ಕೋಟಿ ವರ್ಷ ಕೂತಲ್ಲೇ ಕೂತದ್ದು, ಬೆರಳು ತಾಗಿದರೆ ಮುಗಿಯಿತು. ಹರಳು ಬಿಡಿಸುವುದೆಂದರೆ ಮಲಗಿದ ಕೂಸಿನ ಕೆಳಗಿನಿಂದ ಸೀರೆ ಎಳೆದುಕೊಳ್ಳುವಷ್ಟು ನಾಜೂಕಿನ ಕೆಲಸ. ನನಗೆ ಅದು ಒಗ್ಗಿತು. ಅಹಂಕಾರವೂ ಬಂತು. ಒಮ್ಮೆ ಶಹಾಪುರದ ಹೈಸ್ಕೂಲಿನ ವಿಜ್ಞಾನದ ಮಾಸ್ತರರಿಗೆ ಗಿಡದ ಚಿತ್ರ ಮೂಡಿದ ಫರಸಿ ತೋರಿಸಿ, “ಸಾವಿರಾರು ವರ್ಷದ ಹಿಂದಿನ ಗಿಡ ನೋಡ್ರಿ ಸರ್, ಎಲಿ ಸುದ್ದಾ ಅದಾವ” ಎಂದು ಭಾಷಣ ಬಿಗಿದು ಮಾರಿದೆ. ವಾರ ಬಿಟ್ಟು ಅವರು ಅದನ್ನು ಬಗಲಲ್ಲಿ ಇಟ್ಟುಕೊಂಡೇ ಬಂದರು. “ಇದು ಗಿಡ ಅಲ್ಲ ನೀಲಮ್ಮ. ಬಿರುಕಿನ್ಯಾಗ ಇಳಿದ ನೀರು ಬಿಟ್ಟುಹೋದ ಕಲಿ. ಗಿಡ ಇಲ್ಲಿ ಇರಲೇ ಇಲ್ಲ.” ನಾನು ನಾಚಿ ವಾಪಸು ಇಟ್ಟುಕೊಂಡೆ. ಇರದೇ ಇದ್ದ ಗಿಡ ಇಷ್ಟು ಚೆನ್ನಾಗಿ ಕಾಣುತ್ತದಲ್ಲ ಎಂದು ಬಹಳ ದಿನ ಅದನ್ನು ನೋಡುತ್ತಿದ್ದೆ.

ಗೌರಿ ನಾಲ್ಕನೇ ಇಯತ್ತೆಯಲ್ಲಿದ್ದಾಗ ಬಾವಿಯಲ್ಲಿ ಮದ್ದು ಸಿಡಿದು ನಮ್ಮ ಮನೆಯವರ ಎರಡೂ ಕಿವಿ ಹೋದವು. ಕಲಬುರಗಿಯ ದವಾಖಾನೆಗೆ ಓಡಾಡಿದೆವು. ಗುಡುಗಿದರೆ ನೆಲ ಅದುರಿದ್ದು ತಿಳಿಯುತ್ತಿತ್ತು, ಅಷ್ಟೇ. ಮದ್ದಿನ ಕೆಲಸ ಬಿಟ್ಟು ಅವರು ಕಲ್ಲಿಗೆ ತೂತು ಕೊರೆಯುವ ಕೆಲಸ ಹಿಡಿದರು. ಆ ಯಂತ್ರದ ಗದ್ದಲಕ್ಕೆ ಉಳಿದವರೆಲ್ಲ ಕಿವಿಗೆ ಅರಿವೆ ತುರುಕಿಕೊಂಡರೆ ಇವರು ತಣ್ಣಗೆ ಕೊರೆಯುತ್ತಿದ್ದರು. ಮಾತು ಮಾತ್ರ ಜೋರಾಯಿತು. ತಮ್ಮ ದನಿ ತಮಗೇ ಕೇಳದವರು, ಉಪ್ಪು ಕೇಳಿದರೂ ಓಣಿಗೆಲ್ಲ ಕೇಳುತ್ತಿತ್ತು.

ನನ್ನ ಕಡೆಯಿಂದ ಕೈಸನ್ನೆ. ಆದರೆ ಕೈಸನ್ನೆಯಲ್ಲಿ ಎಷ್ಟು ಹೇಳಲಾದೀತು? ಅನ್ನ, ನೀರು, ಹೋಗು, ಬಾ. ಉಳಿದದ್ದನ್ನು ನಾನು ಬಾಯಲ್ಲೇ ಆಡುತ್ತಿದ್ದೆ, ಅವರ ಬೆನ್ನ ಹಿಂದೆ, ಅವರು ಉಣ್ಣುತ್ತಿರುವಾಗ, ಅವರ ತಲೆಗೆ ಎಣ್ಣೆ ತಿಕ್ಕುತ್ತಿರುವಾಗ. ಮೊದಮೊದಲು ಗೊಣಗಾಟ, ಆಮೇಲೆ ಬೈಗುಳ, ಆಮೇಲೆ ಸುಖದುಃಖ. ಒಂದು ಸಂಗತಿ ಹೇಳಲು ಈಗಲೂ ನಾಚಿಕೆ: ಕಿವಿ ಹೋಗುವ ಮೊದಲು ಅವರನ್ನು ‘ನೀವು’ ಅನ್ನುತ್ತಿದ್ದವಳು, ಹೋದ ಮೇಲೆ ‘ನೀನು’ ಅನ್ನತೊಡಗಿದೆ. ಕೇಳದ ಗಂಡನಿಗೆ ಬಹುವಚನ ಯಾಕೆ? ಹನ್ನೆರಡು ವರ್ಷ ಹೀಗೆ ನಡೆಯಿತು. ನನ್ನಷ್ಟು ಬಿಚ್ಚುಮನಸ್ಸಿನಿಂದ ಗಂಡನ ಜೊತೆ ಮಾತಾಡಿದ ಹೆಂಗಸು ನಮ್ಮ ಓಣಿಯಲ್ಲಿ ಇನ್ನೊಬ್ಬಳಿರಲಿಲ್ಲ.

ಹರಳಿನ ಗವಿ ಸಿಕ್ಕಿದ್ದು ಗುರುಮಠಕಲ್ ಹತ್ತಿರದ ಒಂದು ಹೊಲದಲ್ಲಿ. ಹೊಲದ ಯಜಮಾನ ನರಸಪ್ಪ, ಅರ್ಧ ತೆಲುಗು ಅರ್ಧ ಕನ್ನಡ ಆಡುವ ಮನುಷ್ಯ. ಬಾವಿ ನಾಲ್ಕು ಆಳು ಇಳಿದಿತ್ತು, ನೀರಿನ ಸುಳಿವಿಲ್ಲ. ಒಂದು ಬೆಳಿಗ್ಗೆ ಮದ್ದು ಸಿಡಿಸಿ, ಹೊಗೆ ಹೋದ ಮೇಲೆ ಕೆಳಗಿಳಿದ ನಮ್ಮ ಮನೆಯವರು, “ನೀಲಾ! ಹರಳು!” ಎಂದು ಕೂಗಿದರು. ಕ್ರೇನಿನ ಬಕೆಟ್ಟಿನಲ್ಲಿ ಕುಳಿತು ನಾನೂ ಇಳಿದೆ.

ಬಾವಿಯ ಗೋಡೆಯಲ್ಲಿ ಮೊರದಗಲದ ಒಂದು ಕಂಡಿ ಬಿದ್ದಿತ್ತು. ಮುಖ ಹತ್ತಿರ ಒಯ್ದೆ. ಒಳಗಿನಿಂದ ಬೆಚ್ಚನೆಯ ಗಾಳಿ ನಿಧಾನವಾಗಿ ಹೊರಬರುತ್ತಿತ್ತು. ಹೊಸ ಗಡಿಗೆಗೆ ನೀರು ಹಾಕಿದಾಗಿನ ವಾಸನೆ. ಮುಚ್ಚಿದ ಜಾಗದ ಗಾಳಿ ಕೆಟ್ಟದ್ದಿರುತ್ತದೆ ಎಂದು ಕೋಲಿಗೆ ಕಂದೀಲು ಕಟ್ಟಿ ಒಳಗೆ ಚಾಚಿದೆವು. ದೀಪ ಆರಲಿಲ್ಲ. ಅಲುಗಲೂ ಇಲ್ಲ. ಗೋಡೆಯ ಮೇಲೆ ಬರೆದ ದೀಪದ ಹಾಗೆ ನೆಟ್ಟಗೆ ನಿಂತಿತ್ತು.

ಮೊದಲು ಅವರು ತೂರಿ ಹೋದರು. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಒಳಗಿನಿಂದ, “ಬಾ ನೀಲಾ, ಜಾಗ ಅದ. ತಲಿ ಬಗ್ಗಿಸಿ ಬಾ” ಎಂದು ಕೇಳಿಸಿತು. ಮೆಲುದನಿ. ಮಗ್ಗುಲಲ್ಲಿ ಕುಳಿತವರೊಂದಿಗೆ ಆಡುವಂಥ, ಹದವಾದ ದನಿ. ಹನ್ನೆರಡು ವರ್ಷಗಳಿಂದ ಕಿರುಚಿಯೇ ಮಾತಾಡಿದ ಮನುಷ್ಯ. ನನಗೆ ಆಗ ಅದು ಹೊಳೆಯಲಿಲ್ಲ. ಹರಳಿನ ಆಸೆಯಲ್ಲಿದ್ದೆ.

ಮೂವರು ಮೊಣಕಾಲು ಮಡಿಚಿ ಕೂರುವಷ್ಟು ದೊಡ್ಡ ಗವಿ. ಮೇಲೆ, ಕೆಳಗೆ, ಸುತ್ತ ಎಲ್ಲ ಹರಳು. ಸಿಪ್ಪೆ ಸುಲಿದ ಪೇರಲದ ಬಣ್ಣದ ಅವಲಕ್ಕಿ, ಅದರ ನಡುನಡುವೆ ಕಲ್ಲಸಕ್ರಿ, ಮೂಲೆಗಳಲ್ಲಿ ಹತ್ತಿ. ಕಂದೀಲಿನ ಬೆಳಕು ಒಂದೊಂದರಲ್ಲಿ ಒಂದೊಂದು ಕಣ್ಣಾಗಿ ಹೊತ್ತಿಕೊಂಡಿತ್ತು. ಭೂಮಿ ಹುಟ್ಟಿದಾಗಿನಿಂದ ಇಲ್ಲಿ ಯಾರೂ ಇರಲಿಲ್ಲ, ಬೆಳಕು ಸಹ ಇರಲಿಲ್ಲ. ಯಾರು ನೋಡಲೆಂದು ಇಷ್ಟೊಂದು ಶೃಂಗಾರ? ಕುಳಿತಲ್ಲಿಂದಲೇ ಯಾವ ಹರಳನ್ನು ಮೊದಲು ಬಿಡಿಸಬೇಕು ಎಂದು ಲೆಕ್ಕ ಹಾಕತೊಡಗಿದೆ.

ಅವರು ತಲೆ ವಾರೆ ಮಾಡಿ ಕುಳಿತಿದ್ದರು. “ಯಾರ ಮಾತಾಡಕತ್ತಾರ?” ಎಂದರು.

ಯಾರೂ ಇಲ್ಲ ಎಂದು ಕೈಯಾಡಿಸಿದೆ.

“ಅದಾರ. ಸುಮ್ನ ಕುಂಡ್ರು.”

ನಾಲ್ಕೈದು ದಿನದ ಕೆಲಸವಿತ್ತು. ಬಾವಿಯ ತಳದಲ್ಲಿ ತೋಡುವ ಕೆಲಸ ಒಂದು ಕಡೆ, ಗವಿಯಲ್ಲಿ ನನ್ನ ಉಳಿ ಸುತ್ತಿಗೆಯ ಕೆಲಸ ಒಂದು ಕಡೆ. ಮಧ್ಯಾಹ್ನ ಎಲ್ಲರೂ ಮೇಲೆ ಬೇವಿನ ನೆರಳಿಗೆ ರೊಟ್ಟಿ ತಿನ್ನಲು ಹೋದರೆ ನಮ್ಮ ಮನೆಯವರು ಗವಿಗೆ ಹೋಗಿ ಕೂರುತ್ತಿದ್ದರು. ಎರಡನೇ ದಿನ ಅವರ ರೊಟ್ಟಿಯ ಗಂಟು ಹಿಡಿದು ನಾನೇ ಇಳಿದೆ. ಕಂಡಿಯ ಹತ್ತಿರ ಹೋದಾಗ ಅವರ ದನಿ ಕೇಳಿತು.

“ಹ್ಞೂಂ” ಎಂದರು. ಸ್ವಲ್ಪ ಸುಮ್ಮನಿದ್ದು, “ಆಮ್ಯಾಲ?” ಎಂದರು. ಮತ್ತೆ ಸುಮ್ಮನಿದ್ದು ನಕ್ಕರು.

ನಾನು ಬಕೆಟ್ಟಿನಲ್ಲೇ ನಿಂತುಬಿಟ್ಟೆ.

ಹೊರಗೆ ಬಂದವರು ರೊಟ್ಟಿ ಮುರಿಯುತ್ತ, ಎಂದಿನ ಕಿರುಚುವ ದನಿಯಲ್ಲಿ ಕೇಳಿದರು: “ಅಲ್ಲ, ನನ್ನ ರೇಡಿಯೋ ಕೆಟ್ಟಿದ್ದಿಲ್ಲಂತಲ್ಲ! ನಿನ್ನ ತಮ್ಮಗ ಕೊಟ್ಟಿಯಂತ?”

ಕಿವಿ ಹೋದ ವರ್ಷ ಆ ರೇಡಿಯೋವನ್ನು ನನ್ನ ತಮ್ಮನಿಗೆ ಕೊಟ್ಟು, ಕೆಟ್ಟಿದೆ ಎಂದು ಇವರಿಗೆ ಸನ್ನೆ ಮಾಡಿದ್ದೆ. ಅವರಿಗೆ ಕೇಳದ ಹಾಡನ್ನು ನಾನೊಬ್ಬಳೇ ಕೂತು ಕೇಳುವುದು ನನ್ನಿಂದ ಆಗುತ್ತಿರಲಿಲ್ಲ. ಈ ಕಾರಣವನ್ನು ನಾನು ತಮ್ಮನಿಗೂ ಹೇಳಿರಲಿಲ್ಲ. ಒಂದು ದಿನ ಅಂಗಳದಲ್ಲಿ ಇವರ ತಲೆಗೆ ಎಣ್ಣೆ ಹಚ್ಚುತ್ತ, ಇವರ ನೆತ್ತಿಗೆ ಮಾತ್ರ ಹೇಳಿದ್ದೆ.

ತಮ್ಮನೇ ಎಂದೋ ಬಾಯಿಬಿಟ್ಟಿರಬೇಕು ಎಂದುಕೊಂಡೆ. ಮೂರನೇ ದಿನ ಅವರು ಇನ್ನೊಂದು ಹೇಳಿದರು. “ಎಮ್ಮಿ ಮೇಯ್ದಂಗ ಮೇಯ್ತೀನೇನು ನಾನು?” ಎಂದು, ಉಣ್ಣುವಾಗ ನಾನು ಹಿಂದಿನಿಂದ ಆಡಿದ ಬೈಗುಳವನ್ನೇ ತಿರುಗಿಸಿ, ನಗುತ್ತಲೇ ಕೇಳಿದರು. “ಅಲ್ಲಿ ನೀ ನನಗ ನೀನು ಅಂತಿ. ನೀವು ಅನ್ನಂಗಿಲ್ಲ.”

ಆ ಮಾತಿನ ನಂತರ ಅನುಮಾನಕ್ಕೆ ಜಾಗವಿರಲಿಲ್ಲ. ನಾನು ಅವರಿಗೆ ‘ನೀನು’ ಅನ್ನುವುದು ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಾಲ್ಕನೇ ದಿನ ಅವರು ನಗಲಿಲ್ಲ. ಕಣ್ಣು ಒಳಗೆ ಹೋಗಿದ್ದವು, ಊಟ ಕಡಿಮೆಯಾಗಿತ್ತು. ಗವಿಯಿಂದ ಬಂದು ನನ್ನನ್ನೇ ನೋಡುತ್ತ ಕೇಳಿದರು: “ಗಂಟು ಕಟಗೊಂಡು ಬಸ್‌ಸ್ಟ್ಯಾಂಡ್ ತನಕ ಹೋಗಿದ್ದಿ. ಬಸ್ ಬಂದಿತ್ತು. ಯಾಕ ತಿರುಗಿ ಬಂದಿ?”

ಇದನ್ನೂ ಒಮ್ಮೆ ಅವರ ಬೆನ್ನ ಹಿಂದೆ ಆಡಿದ್ದೆ. ಹೋಗಿದ್ದು ನಿಜ. ಬಸ್ಸು ಬಂದದ್ದೂ ನಿಜ.

ಕೊರೆಯುವ ಕಂಪ್ರೆಸರ್ ಯಂತ್ರ ನಡೆಸುವವನು ಗವಿಯ ಮಗ್ಗುಲಿಗೆ ಕೆಲಸ ಮಾಡಲು ಒಪ್ಪಲಿಲ್ಲ. “ಅಣ್ಣ ಯಾರ ಜೋಡಿ ಮಾತಾಡ್ತಾನಕ್ಕಾ ಅಲ್ಲಿ?” ಎಂದು ಕೇಳಿದ. ಕೋಟಿ ವರ್ಷದ ಮುಚ್ಚಿದ ಜಾಗ, ಏನು ಕೂತಿದೆಯೋ ಎಂದು ನರಸಪ್ಪ ತೆಂಗಿನಕಾಯಿ ತಂದು ಬಾವಿಯ ಬಾಯಿಗೆ ಒಡೆದ. ಏನು ಕೂತಿದೆ ಎಂಬುದು ನನಗೆ ಗೊತ್ತಿತ್ತು. ಅಲ್ಲಿ ಕೂತದ್ದು ನಾನೇ. ಹನ್ನೆರಡು ವರ್ಷ ನಾನು ಆಡಿದ್ದೆಲ್ಲ ಎಲ್ಲಿಗೋ ಹೋಗಿರಲಿಲ್ಲ, ಇಲ್ಲಿಗೆ ಬಂದು ಕೂತಿತ್ತು. ಹಾಗಾದರೆ ಆ ಒಂದು ಮಾತೂ ಇಲ್ಲೇ ಇರಬೇಕು.

ಆ ಮಾತು ಯಾವುದೆಂದು ಈಗ ಹೇಳಬೇಕು.

ಬಾವಿಯಲ್ಲಿ ಮದ್ದು ಹಾಕುವುದು ಹೀಗೆ. ತಳದಲ್ಲಿ ಐದು ತೂತು ಕೊರೆದು, ಮದ್ದು ತುಂಬಿ, ಬತ್ತಿ ಹಚ್ಚಿ ಮೇಲೆ ಬರುತ್ತಾರೆ. ಮೇಲೆ ಒಬ್ಬರು ಸಪ್ಪಳ ಎಣಿಸಬೇಕು. ಐದು ಕೇಳಿದರೆ ಐದೂ ಸಿಡಿದವು, ಇಳಿಯಬಹುದು. ನಾಲ್ಕೇ ಕೇಳಿದರೆ ಒಂದು ಇನ್ನೂ ಜೀವಂತ ಇದೆ, ಯಾರೂ ಇಳಿಯುವಂತಿಲ್ಲ. ಆಗೆಲ್ಲ ಎಣಿಸುವವಳು ನಾನು. ಆ ದಿನ ಕೆಂಭಾವಿ ಕಡೆಯ ಒಂದು ಬಾವಿ. ನಾನು ಐದು ಎಣಿಸಿ, “ಐದೂ ಆದವ್ರಿ, ಇಳೀರಿ” ಎಂದೆ. ಅವರು ಹಗ್ಗದ ನಿಚ್ಚಣಿಕೆಯಲ್ಲಿ ಅರ್ಧ ಇಳಿದಿದ್ದಾಗ ಇನ್ನೊಂದು ಸಿಡಿಯಿತು.

ಕಿವಿ ಹೋದವು, ಜೀವ ಉಳಿಯಿತು. ಮದ್ದು ಎಂದಮೇಲೆ ಹೀಗೆಲ್ಲ ಆಗುವುದೇ ಎಂದು ಗ್ಯಾಂಗಿನವರು ಸಮಾಧಾನ ಹೇಳಿದರು. ನಾನು ಎಣಿಸಿದ ಐದರಲ್ಲಿ ಒಂದು ಮಾರ್ದನಿ, ಬಾವಿಯ ಹಿಂದಿನ ಗುಡ್ಡಕ್ಕೆ ಬಡಿದು ತಿರುಗಿ ಬಂದ ಸಪ್ಪಳ ಎಂದು ನನಗೆ ದವಾಖಾನೆಯಲ್ಲೇ ಹೊಳೆಯಿತು. ಸುರಪುರದ ಗುಡ್ಡಗಳ ನಡುವೆ ಬೆಳೆದವಳು, ಯಾವುದು ಸಪ್ಪಳ ಯಾವುದು ಮಾರ್ದನಿ ಎಂದು ತಿಳಿಯದೇ ಹೋದೆ. ಯಾರಿಗೂ ಹೇಳಲಿಲ್ಲ. ಕೆಲವು ವರ್ಷ ಬಿಟ್ಟು ಒಂದು ಮಧ್ಯಾಹ್ನ, ಅವರು ಗೋಡೆಗೆ ಮುಖ ಮಾಡಿ ಮಲಗಿದ್ದಾಗ, ಬೆನ್ನಿಗೆ ಹೇಳಿದೆ. “ನಾ ತಪ್ಪಿ ಎಣಿಸಿದೆ. ನಾಕ ಸಿಡಿದಿದ್ವು. ನಿನ್ನ ಕಿವಿ ತಿಂದಾಕಿ ನಾನು.” ಅವರು ಅಲುಗಲಿಲ್ಲ. ಎದೆ ಹಗುರಾಯಿತು ಅಂದುಕೊಂಡಿದ್ದೆ.

ಈಗ ಗವಿಯಲ್ಲಿ ಅವರು ನನ್ನ ಮಾತುಗಳನ್ನು ಒಂದೊಂದಾಗಿ ಕೇಳುತ್ತ ಬರುತ್ತಿದ್ದರು. ರೇಡಿಯೋ ಆಯಿತು, ಎಮ್ಮೆ ಆಯಿತು, ಬಸ್‌ಸ್ಟ್ಯಾಂಡ್ ಆಯಿತು. ಇನ್ನು ಎಷ್ಟು ದೂರ ಇತ್ತು?

ಐದನೇ ದಿನ ಬೆಳಿಗ್ಗೆ ನಾನೊಬ್ಬಳೇ ಗವಿಯೊಳಗೆ ಹೋಗಿ ಉಸಿರು ಬಿಗಿಹಿಡಿದು ಕುಳಿತೆ. ನನಗೂ ಕೇಳಲಿ, ಎಲ್ಲಿಯವರೆಗೆ ಬಂದಿದೆ ತಿಳಿಯಲಿ ಎಂದು. ಏನೂ ಕೇಳಲಿಲ್ಲ. ಬಾವಿಯ ಮೇಲಿನ ಯಂತ್ರದ ಸದ್ದು ಸಹ ಒಳಗೆ ಬರುತ್ತಿರಲಿಲ್ಲ. ಆ ಮೌನದಲ್ಲಿ ಇಷ್ಟು ಮಾತ್ರ ಅನಿಸಿತು: ಇದು ಏನೂ ಇಲ್ಲದ ಮೌನವಲ್ಲ, ನಾನು ಬಂದೆನೆಂದು ಯಾರೋ ಅರ್ಧಕ್ಕೆ ನಿಲ್ಲಿಸಿದ ಮಾತು. ಬಾಗಿಲಲ್ಲಿ ನಾವು ಕಾಣಿಸಿದಾಗ ಒಳಗಿನ ಹೆಂಗಸರು ಸುಮ್ಮನಾಗುತ್ತಾರಲ್ಲ, ಹಾಗೆ.

ಉಳಿ ಕೆಳಗಿಟ್ಟೆ. ದೊಡ್ಡ ಸುತ್ತಿಗೆ ತರಿಸಿದೆ.

ಮೂವತ್ತು ವರ್ಷದ ಕಸುಬಿನಲ್ಲಿ ಅಂಥ ಕೆಲಸ ನಾನು ಹಿಂದೆ ಮಾಡಿರಲಿಲ್ಲ, ಮುಂದೆಯೂ ಮಾಡಲಿಲ್ಲ. ಹರಳನ್ನು ಬಿಡಿಸಲಿಲ್ಲ, ಒಡೆದೆ. ಒಂದೊಂದು ಏಟಿಗೂ ಗಾಜಿನ ಬಳೆಗಳ ಅಂಗಡಿ ಕುಸಿದ ಹಾಗೆ ಸದ್ದು. ಕೈ ಕೊಯ್ದು ರಕ್ತ ಸೋರಿತು. ಹತ್ತಿ ಉದುರಿ ಮೂಗಿಗೆ, ಕಣ್ಣಿಗೆ ತುಂಬಿತು. ಮಧ್ಯಾಹ್ನದ ಹೊತ್ತಿಗೆ ಗವಿಯ ಗೋಡೆ ಬೋಳಾದ ಕರಿಕಲ್ಲು. ಬಕೆಟ್ಟಿನ ಮೇಲೆ ಬಕೆಟ್ಟು ಚೂರುಗಳು ಮೇಲೆ ಹೋದವು.

ಗಫೂರ್ ಭಾಯಿ ಅದೇ ದಿನ ಬಂದಿದ್ದರು. ಮುದುಕರಾಗಿದ್ದರು. ಚೂರಿನ ಗುಡ್ಡೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಅಂಗೈಯಗಲದ ಒಂದು ಮುರುಕು ಎತ್ತಿ ಹಿಡಿದರು.

“ಯಾ ಅಲ್ಲಾ! ಇದೇನ್ ಮಾಡ್ಬಿಟ್ರಿ ನೀಲಮ್ಮಾ? ಇಂಥಾ ಮಾಲು ನನ್ನ ಉಮರ್‌ದಾಗ ನೋಡಿದ್ದಿಲ್ಲ. ನಿಮ್ಮ ಕೈಗಿ ಏನಾತು?”

“ಕಲ್ಲು ಮೆತ್ತಗಿತ್ತು ಭಾಯಿ, ತಾನ ಒಡೀತು” ಎಂದೆ.

ಅವರು ನನ್ನ ರಕ್ತದ ಕೈ ನೋಡಿದರು. ಆ ಮುರುಕನ್ನು ಕರ್ಚೀಪಿನಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡು ಹೊರಟರು.

ನಮ್ಮ ಮನೆಯವರು ಬಾವಿಯ ಕಟ್ಟೆಯ ಮೇಲೆ ಕೂತು, ಮೇಲೆ ಬರುತ್ತಿದ್ದ ಒಂದೊಂದು ಬಕೆಟ್ಟನ್ನೂ ನೋಡುತ್ತಿದ್ದರು. ತಡೆಯಲಿಲ್ಲ, ಬೈಯಲಿಲ್ಲ. ಕೊನೆಗೆ ತಾವೂ ಇಳಿದು ಬೋಳು ಗವಿಯೊಳಗೆ ಹೋದರು. ಬಹಳ ಹೊತ್ತು ಇರಲಿಲ್ಲ. ಹೊರಬಂದು, “ಸುಮ್ನಾತು” ಎಂದರು. ಜೋರು ದನಿಯಲ್ಲಿ, ಬಾವಿಗೆಲ್ಲ ಕೇಳುವ ಹಾಗೆ.

ಮರುದಿನದ ಮದ್ದಿಗೆ ನೀರು ಬಂತು. ನರಸಪ್ಪ, “ನೀಳ್ಳು ವಚ್ಚಾಯಿ! ನೀರು ಬಂತಮ್ಮೋ!” ಎಂದು ಎರಡು ಭಾಷೆಯಲ್ಲೂ ಕುಣಿದ. ಸಂಜೆಯೊಳಗೆ ಗವಿಯ ಬಾಯಿ ಮುಳುಗಿತು. ಮುಳುಗುವಾಗ ಒಳಗಿನ ಗಾಳಿ ಗುಳುಗುಳು ಎಂದು ಮೇಲೆ ಬಂತು. ನಾನು ಕಿವಿ ಮುಚ್ಚಿಕೊಂಡೆ.

ಶಹಾಪುರಕ್ಕೆ ಬಂದು ಎಂಟು ದಿನವಾಗಿತ್ತು. ನಾನು ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದೆ. ಅವರು ಬಂದು ಎದುರಿಗೆ ಕುಳಿತರು. ನನ್ನ ಕೈಯ ಗಾಯಗಳನ್ನು ನೋಡಿ, ತಮ್ಮಿಂದಾದಷ್ಟು ದನಿ ತಗ್ಗಿಸಿ ಹೇಳಿದರು:

“ಅಷ್ಟು ಯಾಕ ಬಡದಿ ನೀಲಾ? ಮದಲನೇ ದಿನ ಮದಲ ಕೇಳಿದ್ದ ಅದು. ನಾಕ ಸಿಡಿದಿದ್ವು ಅಂದಿದ್ದು.”

ಮೊರ ಕೆಳಗಿಟ್ಟೆ.

“ಅದನ್ನ ಕೇಳಾಕ ಹೋಗ್ತಿದ್ದೆನೇನು ನಾನು? ಅದು ಒಂದ ದಿನಕ್ಕ ಮುಗೀತು. ಉಳಿದದ್ದು ಕೇಳ್ಕೋತ ಕುಂಡ್ರತಿದ್ದೆ. ಇವತ್ತ ಪಲ್ಯಾಕ ಉಪ್ಪು ಹೆಚ್ಚಾತು ಅಂತಿ, ಗೌರಿ ಗಣಿತದಾಗ ಪಾಸಾದ್ಲು ಅಂತಿ, ಮಳಿ ಬರೂಹಂಗ ಅದ ಅಂತಿ. ಹನ್ನೆರಡು ವರ್ಷದ್ದು ಇತ್ತು. ಇನ್ನಾ ಭಾಳ ಇತ್ತು.”

ನನಗೆ ಬಾಯಿ ಇತ್ತು, ಪ್ರಯೋಜನವಿರಲಿಲ್ಲ. ಎಷ್ಟು ಅತ್ತರೂ, ತಪ್ಪಾಯಿತು ಎಂದರೂ ಆ ದನಿ ಅವರನ್ನು ಮುಟ್ಟುವಂತಿರಲಿಲ್ಲ. ಮುಟ್ಟುತ್ತಿದ್ದ ಒಂದೇ ಜಾಗವನ್ನು ನಾನೇ ಒಡೆದು ಬಂದಿದ್ದೆ. ಕೈ ಎತ್ತಿ ನಾಲ್ಕು ಬೆರಳು ತೋರಿಸಿದೆ. ನಾಲ್ಕು. ಆಮೇಲೆ ನನ್ನ ಎದೆ ಮುಟ್ಟಿಕೊಂಡೆ. ಹನ್ನೆರಡು ವರ್ಷದ ಮೇಲೆ ಮೊದಲ ಸಲ ಎದುರೆದುರಾಗಿ ಒಪ್ಪಿಕೊಂಡೆ.

ಅವರು ನನ್ನ ಮಡಿಚಿದ ಹೆಬ್ಬೆರಳನ್ನು ಹಿಡಿದು ಬಿಚ್ಚಿದರು. ಐದಾಯಿತು.

“ನಾನೂ ಎಣಿಸಿದ್ದೆ” ಎಂದರು. “ನಿನ್ನ ಮಾತು ಕೇಳಿ ಇಳಿದಿಲ್ಲ ನಾನು. ನನಗೂ ಐದ ಕೇಳಿದ್ವು.”

ಸಮಾಧಾನಕ್ಕೆ ಹೇಳಿದರೋ, ನಿಜವೋ ಎಂದು ಮುಖವನ್ನೇ ನೋಡಿದೆ. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ, ಬಂದಿದ್ದರೆ ನಮ್ಮ ಸಂಸಾರ ಇನ್ನೂ ಸ್ವಲ್ಪ ಸಲೀಸಾಗಿರುತ್ತಿತ್ತು. ಗುಡ್ಡ ಇಬ್ಬರಿಗೂ ಮೋಸ ಮಾಡಿತು ಅಂದುಕೊಂಡೆ. ಆ ದಿನ ಹೋಳಿಗೆ ಮಾಡಿದೆ. ಹಬ್ಬವಿರಲಿಲ್ಲ. ಬಡಿಸುವಾಗ ‘ತಗೋರಿ’ ಅಂದೆ. ಅವರು ತುಟಿ ನೋಡಿ ನಕ್ಕರು.

ಇದೆಲ್ಲ ಆಗಿ ಏಳೆಂಟು ವರ್ಷ. ಅವರು ಆರೋಗ್ಯವಾಗಿದ್ದಾರೆ, ನನ್ನ ಕಲ್ಲುಗಳ ಫೋಟೋ ಮೊಬೈಲಿನಲ್ಲಿ ತೆಗೆದು ಗಿರಾಕಿಗಳಿಗೆ ಕಳಿಸುವುದು ಈಗ ಅವರದೇ ಕೆಲಸ. ನಾನು ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಕಳೆದ ದೀಪಾವಳಿ ಮುಗಿದ ಮೇಲೆ ಅಕೀಕು ಹುಡುಕಲು ಕೆಂಭಾವಿ ಕಡೆ ಹೋದೆ. ಬಸ್ಸು ಒಂದು ತಿರುವಿನಲ್ಲಿ ನಿಂತಾಗ ಜಾಗದ ಗುರುತು ಹತ್ತಿತು. ಅವರ ಕಿವಿ ಹೋದ ದಿನದಿಂದ ಆ ಹೊಲದ ಕಡೆ ಮುಖ ಹಾಕಿರಲಿಲ್ಲ. ಈಗ ಎದೆಯಲ್ಲಿ ಭಾರವಿಲ್ಲವಲ್ಲ, ನೋಡಿಯೇ ಬಿಡೋಣ ಎಂದು ಇಳಿದೆ.

ಬಾವಿ ಅಲ್ಲೇ ಇತ್ತು. ಕಟ್ಟೆ ಕಟ್ಟಿ, ಮೋಟರು ಕೂರಿಸಿದ್ದರು. ನನ್ನ ನೆನಪಿನಲ್ಲಿ ಅದರ ಹಿಂದೆ ಪಡುವಣಕ್ಕೆ ಒಂದು ಬೋಳು ಗುಡ್ಡ, ನೆತ್ತಿಯಲ್ಲಿ ಒಂದು ಒಂಟಿ ಗುಂಡು. ಇಷ್ಟು ವರ್ಷ ಕಣ್ಣುಮುಚ್ಚಿದರೆ ಕಾಣುತ್ತಿದ್ದದ್ದು ಅದೇ. ಪಡುವಣಕ್ಕೆ ನೋಡಿದೆ. ಅಂಗೈಯಂಥ ಎರೆಹೊಲ. ನಾಲ್ಕೂ ದಿಕ್ಕಿಗೆ ಕಣ್ಣು ಹಾಯುವವರೆಗೆ ಬಿಳಿ ಹತ್ತಿ, ಅದರಾಚೆ ಆಕಾಶ.

ಹತ್ತಿ ಬಿಡಿಸುತ್ತಿದ್ದ ಹೆಂಗಸನ್ನು ಕರೆದು ಕೇಳಿದೆ. “ಯವ್ವಾ, ಇಲ್ಲೊಂದು ಗುಡ್ಡ ಇತ್ತಲ್ಲ, ಒಡೆದ್ರೇನು?”

ಅವಳು ಸೊಂಟ ನೆಟ್ಟಗೆ ಮಾಡಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಗುಡ್ಡ? ಇಲ್ಲೆಲ್ಲೀ ಗುಡ್ಡ ಅಕ್ಕಾ! ಗುಡ್ಡ ನೋಡ್ಬೇಕಂದ್ರ ಸುರಪುರಕ್ಕ ಹೋಗ್ರಿ.” ಮತ್ತೆ ಬಗ್ಗಿದಳು.

ನಾನು ಬಾವಿಯ ಕಟ್ಟೆಯ ಹತ್ತಿರ ನಿಂತು, ಆ ದಿನ ನಿಂತಿದ್ದ ಜಾಗದಲ್ಲೇ ನಿಂತು, ಜೋರಾಗಿ ಒಮ್ಮೆ ಚಪ್ಪಾಳೆ ತಟ್ಟಿದೆ. ಸದ್ದು ಬಯಲಿನ ಮೇಲೆ ಹೋಯಿತು. ತಿರುಗಿ ಬರಲಿಲ್ಲ. ಬರಲು ಅಲ್ಲಿ ಬಡಿಯುವಂಥದ್ದು ಏನೂ ಇರಲಿಲ್ಲ.

ನಾಲ್ಕು ಮದ್ದು ಸಿಡಿದಿದ್ದವು. ಇಬ್ಬರೂ ಐದು ಎಣಿಸಿದ್ದೆವು.

ಇನ್ನೊಮ್ಮೆ ತಟ್ಟಿ ನೋಡೋಣವೆಂದು ಕೈ ಎತ್ತಿದೆ. ಈ ಸಲ ತಿರುಗಿ ಬಂದರೆ? ಎತ್ತಿದ ಕೈಯನ್ನು ಹಾಗೇ ಮೆಲ್ಲಗೆ ಇಳಿಸಿ, ಹಿಂದೆ ನೋಡದೆ ರಸ್ತೆಯ ಕಡೆ ನಡೆದೆ.